ಮನೆಯಲ್ಲೇ ಮಾಡಿದ ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡನ್ನು ಮಳೆಯಿಂದ ಉಳಿಸಿಕೊಳ್ಳೋದು ಹೇಗೆ?

ನೀವು ಕೇಳಿದ್ದು ಇಷ್ಟು: ಬೋರ್ಡಿನ ಅಡಿಯಲ್ಲಿ ಬ್ಯಾಟರಿ, ಕಂಟ್ರೋಲರ್ ಇರುವ ಪೆಟ್ಟಿಗೆ ಸುತ್ತ ಸಿಲಿಕೋನ್ ಬಳಿದರೆ ಮಳೆಗಾಲದಲ್ಲೂ ಓಡಿಸಬಹುದಾ? ಅಷ್ಟೇ ಮಾಡಿದರೆ ಸಾಲದು. ನಾನೂ ಮೊದಲು ಅದನ್ನೇ ಮಾಡಿ ಕೈಸುಟ್ಟುಕೊಂಡವನು.

ನನ್ನ ಬೋರ್ಡಿನ ಜಾತಕ ಹೇಳಿಬಿಡುತ್ತೇನೆ. ಹಲಗೆ ಮರೀನ್ ಪ್ಲೈವುಡ್, ಅಂದರೆ ನೀರು ತಡೆಯುವ ಪ್ಲೈವುಡ್, ಐಎಸ್ 710 ಗುರುತಿನದು. ಬ್ಯಾಟರಿಯಲ್ಲಿ 18650 ಸೆಲ್ (ಪೆನ್ ಸೆಲ್ಲಿಗಿಂತ ಸ್ವಲ್ಪ ದೊಡ್ಡ ಲಿಥಿಯಂ ಸೆಲ್) 30 ಇವೆ, ಮೂರು ಮೂರು ಸೇರಿಸಿದ 10 ಗುಂಪು ಸಾಲಾಗಿ. ಲೆಕ್ಕಕ್ಕೆ 36 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 42 ವೋಲ್ಟ್. 6354 ಅಳತೆಯ ಎರಡು ಮೋಟಾರ್, ಅವುಗಳ ವೇಗ, ಬ್ರೇಕು ನೋಡಿಕೊಳ್ಳಲು ಎರಡು ವೆಸ್ಕ್ ಕಂಟ್ರೋಲರ್. ವೆಸ್ಕ್ ಅಂದರೆ ಸ್ವೀಡನ್ನಿನ ಬೆಂಜಮಿನ್ ವೆಡ್ಡರ್ ವಿನ್ಯಾಸ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದು. ಒಳ್ಳೇ ಕಂಟ್ರೋಲರ್. ಆದರೆ ನನಗೆ ಸಿಕ್ಕಿದ್ದು ಬರೀ ಸರ್ಕ್ಯೂಟ್ ಬೋರ್ಡು. ನೀರಿಗೆ ಅದು ಬೆತ್ತಲೆ ನಿಂತ ಹಾಗೆ.

ಮೊದಲ ಸಲ ಹಾರ್ಡ್‌ವೇರ್ ಅಂಗಡಿಯಿಂದ ಬಾತ್‌ರೂಮಿಗೆ ಬಳಿಯುವ ಸಿಲಿಕೋನ್ ತಂದೆ. ಪೆಟ್ಟಿಗೆ ಸುತ್ತ ಬೆರಳಲ್ಲಿ ಬಳಿದೆ. ರಾತ್ರಿಯೆಲ್ಲಾ ರೂಮು ವಿನೆಗರ್ ವಾಸನೆ. ಮೂರು ವಾರ ಬಿಟ್ಟು, ಒಂದು ಸೆಲ್ ಗುಂಪಿನ ವೋಲ್ಟೇಜ್ ಸರಿ ತೋರಿಸುತ್ತಿಲ್ಲ ಅಂತ ಚಾಕು ಹಾಕಿ ಪೆಟ್ಟಿಗೆ ಬಿಚ್ಚಿದೆ. ಒಂದೊಂದು ಗುಂಪಿನ ವೋಲ್ಟೇಜ್ ಅಳೆಯುವ ಬ್ಯಾಲೆನ್ಸ್ ವೈರುಗಳ ತುದಿಯಲ್ಲಿ ಹಸಿರು ಪುಡಿ! ಹಳೇ ತಾಮ್ರದ ಚೊಂಬಿನ ಮೇಲೆ ಕಿಲುಬು ಕಟ್ಟುತ್ತಲ್ಲ, ಥೇಟ್ ಹಾಗೆ. ಒಂದು ಹನಿ ಮಳೆಗೂ ಆ ಬೋರ್ಡು ಇನ್ನೂ ಹೋಗಿರಲಿಲ್ಲ. ಆ ಥರದ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಅದು ಎಲ್ಲಿಗೆ ಹೋಗಬೇಕು? ತಾಮ್ರ ತಿನ್ನುತ್ತದೆ. ಸಿಲಿಕೋನ್ ಬೇಕೇ ಬೇಕು ಅಂದರೆ ಟ್ಯೂಬಿನ ಮೇಲೆ ‘ನ್ಯೂಟ್ರಲ್ ಕ್ಯೂರ್’ ಅಂತ ಇರೋದನ್ನೇ ತಗೊಳ್ಳಿ.

ಎರಡನೇ ಪಾಠ ಬೆಂಗಳೂರಿನ ಸಂಜೆ ಮಳೆ ಕಲಿಸಿತು. ಈ ಸಲ ರಬ್ಬರ್ ಹಾಕಿ ಗಾಳಿಯೂ ಆಡದ ಹಾಗೆ ಬಿಗಿದಿದ್ದೆ. ಅರ್ಧ ಗಂಟೆ ಓಡಿಸಿದ ಮೇಲೆ ಮಳೆ ಬಂತು, ನೆನೆದುಕೊಂಡೇ ಮನೆಗೆ ಬಂದೆ. ಬಿಚ್ಚಿ ನೋಡಿದರೆ ಮೋಟಾರ್ ವೈರು ಹೊರಗೆ ಬರುವ ತೂತಿನ ಹತ್ತಿರ ನೀರಿನ ಗೆರೆ. ಆಗಿದ್ದು ಏನಂದರೆ, ಓಡುವಾಗ ಕಂಟ್ರೋಲರ್ ಕಾವಿಗೆ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ತಣ್ಣನೆ ನೀರು ತಾಗಿದ ಕೂಡಲೇ ಅದೇ ಗಾಳಿ ಕುಗ್ಗುತ್ತದೆ. ಆಗ ಪೆಟ್ಟಿಗೆ ಸ್ಟ್ರಾ ಥರ ಸಣ್ಣ ಬಿರುಕಿನಿಂದಲೂ ನೀರು ಎಳೆದುಕೊಳ್ಳುತ್ತದೆ. ಇದಕ್ಕೆ ಪರಿಹಾರ ಇನ್ನೂ ಬಿಗಿಯೋದಲ್ಲ, ಉಸಿರಾಡಲು ಒಂದು ದಾರಿ ಬಿಡೋದು. ಬ್ರೀದರ್ ವೆಂಟ್ ಅಂತ ಸಿಗುತ್ತದೆ. ಸಣ್ಣ ಪೊರೆ ಇರುತ್ತದೆ, ಗಾಳಿ ಹೋಗುತ್ತದೆ, ನೀರಿನ ಹನಿ ಹೋಗಲ್ಲ. ಕಾರಿನ ಹೆಡ್‌ಲೈಟಿಗೂ ಇಂಥದ್ದನ್ನೇ ಹಾಕುತ್ತಾರೆ. ಚಕ್ರದ ಎರಚಲು ನೇರ ಹೊಡೆಯದ ಜಾಗ ನೋಡಿ ಕೂರಿಸಿ.

ಅಲ್ಲಿಂದ ಮೇಲೆ ನಾನು ಲೆಕ್ಕಾಚಾರವನ್ನೇ ಬದಲಿಸಿದೆ. ನೀರು ಒಳಗೆ ಬಂದೇ ಬರುತ್ತದೆ ಅಂದುಕೊಂಡು, ಬಂದರೂ ಏನೂ ಆಗದ ಹಾಗೆ ಒಂದೊಂದೇ ಭಾಗವನ್ನು ಕಾಪಾಡೋದು. ಕಂಟ್ರೋಲರಿನ ಸರ್ಕ್ಯೂಟ್ ಬೋರ್ಡಿಗೆ ಕನ್ಫಾರ್ಮಲ್ ಕೋಟಿಂಗ್, ಅಂದರೆ ತೇವ ತಡೆಯುವ ತೆಳು ಲೇಪ, ಎರಡು ಸಲ ಬಳಿದೆ. ಕನೆಕ್ಟರ್ ಪಿನ್ನುಗಳಿಗೂ ಹೀಟ್‌ಸಿಂಕ್ (ಕಾವು ಹೊರಹಾಕುವ ಲೋಹದ ತುಂಡು) ಕೂರುವ ಮುಖಕ್ಕೂ ಮೊದಲೇ ಟೇಪ್ ಹಚ್ಚಿ, ಅಲ್ಲಿಗೆ ಲೇಪ ಹೋಗಬಾರದು. ಬ್ಯಾಟರಿಗೆ ಬೇರೆಯದೇ ಒಂದು ಒಳಪೆಟ್ಟಿಗೆ. ಮೋಟಾರ್ ಜೋಡಣೆಗಳಿಗೆಲ್ಲಾ ಒಳಮೈಯಲ್ಲಿ ಅಂಟು ಇರುವ ಹೀಟ್‌ಶ್ರಿಂಕ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ. ಹೊರಗೆ ಬರುವ ಪ್ರತಿ ವೈರಿಗೂ ಕೇಬಲ್ ಗ್ಲ್ಯಾಂಡ್, ಅಂದರೆ ತೂತಿನಲ್ಲಿ ವೈರನ್ನು ಸುತ್ತಲೂ ಬಿಗಿಹಿಡಿಯುವ ರಬ್ಬರ್ ಇರುವ ನಟ್ಟು. ವೈರು ಗ್ಲ್ಯಾಂಡಿಗೆ ಹೋಗುವ ಮುಂಚೆ ಒಂದು ಸಲ ಕೆಳಗೆ ಜೋತುಬಿದ್ದು ಮೇಲೇರಲಿ. ಆಗ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಪೆಟ್ಟಿಗೆ ಹಲಗೆಗೆ ಕೂರುವ ಕಡೆ 3 ಮಿ.ಮೀ. ಇಪಿಡಿಎಂ ಅನ್ನೋ ರಬ್ಬರಿನ ಫೋಮ್ ಪಟ್ಟಿ ಸಾಕು. ಅದಕ್ಕೂ ಮುಂಚೆ ಹಲಗೆಯನ್ನು ಉಜ್ಜಿ ಎಪಾಕ್ಸಿ ಬಳಿಯಿರಿ, ಬೋಲ್ಟ್ ತೂತುಗಳ ಒಳಮೈಗೂ ಬಳಿಯೋದು ಮರೆಯಬೇಡಿ. ಎಷ್ಟೇ ಮರೀನ್ ಪ್ಲೈ ಆದರೂ ಕೊರೆದ ಅಂಚು ನೀರು ಕುಡಿಯುತ್ತದೆ. ಸ್ಕ್ರೂ ಬೇಡ, ಥ್ರೆಡ್ ಇನ್ಸರ್ಟ್ (ಮರದೊಳಗೆ ಕೂರಿಸುವ ಲೋಹದ ನಟ್ಟು) ಹಾಕಿ 6-7 ಸೆಂ.ಮೀ.ಗೊಂದು ಬೋಲ್ಟ್ ಕೊಡಿ. ಫೋಮ್ ಅರ್ಧಕ್ಕೆ ಅಮುಕಿದರೆ ಆಯ್ತು. ಜಾಸ್ತಿ ಬಿಗಿದರೆ ಪಕ್ಕಕ್ಕೆ ಉಬ್ಬಿ ಬರುತ್ತದೆ. ಇನ್ನೊಂದು ಮಾತು, ಬಳುಕುವ ಹಲಗೆಗೆ ಒಂದೇ ಉದ್ದ ಪೆಟ್ಟಿಗೆ ಹಾಕಬೇಡಿ. ನೀವು ಹತ್ತಿ ನಿಂತಾಗಲೆಲ್ಲಾ ನಡುವೆ ಬಾಯಿ ಬಿಡುತ್ತದೆ. ಬ್ಯಾಟರಿ ಸೆಲ್ಲುಗಳನ್ನು ಜೋಡಿಸಿದ ನಿಕಲ್ ಪಟ್ಟಿಗಳೂ ಬಳುಕಿ ಬಳುಕಿ ಕೊನೆಗೆ ಕಿತ್ತುಬರುತ್ತವೆ.

ನಡುವೆ ಒಂದು ಪೆದ್ದುತನ. ಸ್ಟೀಲ್ ಟಿಫಿನ್ ಡಬ್ಬಿಗೆ ರಬ್ಬರ್ ರಿಂಗ್ ಇರುತ್ತಲ್ಲ, ಸಾರು ಸೋರದ ಮೇಲೆ ಮಳೆ ಯಾಕೆ ಸೋರುತ್ತದೆ ಅಂತ ರಿಮೋಟಿನ ರಿಸೀವರನ್ನು ಅದರಲ್ಲಿ ಹಾಕಿದ್ದೆ. ಒಂದು ಹನಿ ನೀರೂ ಬರಲಿಲ್ಲ, ಸಿಗ್ನಲ್ಲೂ ಬರಲಿಲ್ಲ! 2.4 ಗಿಗಾಹರ್ಟ್ಸ್ ರೇಡಿಯೋ ಲೋಹದ ಡಬ್ಬಿ ದಾಟಲ್ಲ. ಓಡುವಾಗ ಸಿಗ್ನಲ್ ಹೋದರೆ ಬ್ರೇಕೂ ಹೋದ ಹಾಗೆ. ಪ್ಲಾಸ್ಟಿಕ್ ಅಥವಾ ಫೈಬರ್‌ಗ್ಲಾಸ್ ಪೆಟ್ಟಿಗೆಯೇ ಸರಿ.

ಎಲ್ಲಾ ಆದ ಮೇಲೂ ನನಗೆ ಕೈಕೊಟ್ಟಿದ್ದು ಚಾರ್ಜಿಂಗ್ ಪೋರ್ಟು. ರಬ್ಬರ್ ಮುಚ್ಚಳ ಇತ್ತು, ಹಾಕೋದು ಮರೆತಿದ್ದೆ. ಈಗ ಪೋರ್ಟನ್ನು ಹಿಂದಿನ ಚಕ್ರಗಳಿಂದ ದೂರ, ಪಕ್ಕಕ್ಕೆ ಸರಿಸಿದ್ದೇನೆ. ಮುಚ್ಚಳ ಕಳೆಯದಂತೆ ದಾರ ಕಟ್ಟಿದ್ದೇನೆ.

ಪರೀಕ್ಷೆ ಮಾಡಲು ದುಡ್ಡು ಬೇಡ. ಒಳಗಿನ ಸಾಮಾನೆಲ್ಲಾ ತೆಗೆದಿಡಿ. ಟಿಶ್ಯೂ ಕಾಗದದ ಮೇಲೆ ಮಕ್ಕಳ ಸ್ಕೆಚ್ ಪೆನ್ನಲ್ಲಿ ಗೆರೆ ಎಳೆದು, ಒಳ ಅಂಚಿನ ಉದ್ದಕ್ಕೂ ಹಾಸಿ ಬೋಲ್ಟ್ ಬಿಗಿಯಿರಿ. ಬೋರ್ಡನ್ನು ಬಚ್ಚಲುಮನೆಯಲ್ಲಿ ಎರಡು ಸ್ಟೂಲ್ ಮೇಲಿಟ್ಟು, ಹೆಲ್ತ್ ಫಾಸೆಟ್ಟಿನಿಂದ ಕೆಳಗಿಂದ ಮೇಲಕ್ಕೆ ಐದು ನಿಮಿಷ ಹೊಡೆಯಿರಿ. ಬಿಚ್ಚಿದಾಗ ಗೆರೆ ಎಲ್ಲಿ ಹರಡಿದೆಯೋ ಅಲ್ಲೇ ಸೋರಿಕೆ. ನನಗೆ ಮೊದಲ ಸಲ ಮೂರು ಕಡೆ ನೀಲಿ ಮೋಡ ಕಟ್ಟಿತ್ತು. ಮೂರೂ ಮೂಲೆಗಳಲ್ಲೇ, ಫೋಮ್ ತುಂಡುಗಳನ್ನು ಸೇರಿಸಿದ ಕಡೆ. ಒಂದೇ ಹಾಳೆಯಿಂದ ಚೌಕಟ್ಟಿನ ಹಾಗೆ ಕತ್ತರಿಸಿದ ಮೇಲೆ ನಿಂತಿತು.

ಇಷ್ಟು ಮಾಡಿದ ಮೇಲೂ ಮಳೆಯಲ್ಲಿ ಬೇಕಂತಲೇ ಓಡಿಸಬೇಡಿ ಅಂತಲೇ ಹೇಳೋದು. ಪೆಟ್ಟಿಗೆ ಒಣಗಿದ್ದರೆ ಏನು ಬಂತು, ಯುರೇಥೇನ್ ಚಕ್ರ ಒದ್ದೆ ರಸ್ತೆಯಲ್ಲಿ, ಅದರಲ್ಲೂ ಜೀಬ್ರಾ ಪಟ್ಟೆಯ ಬಣ್ಣದ ಮೇಲೆ, ಸೋಪಿನ ಹಾಗೆ ಜಾರುತ್ತದೆ. ಗುಂಡಿಯಲ್ಲಿ ನಿಂತ ನೀರಿನ ಆಳ ಗೊತ್ತಾಗಲ್ಲ. ಬ್ಯಾಟರಿ ಪೂರ್ತಿ ತುಂಬಿದ್ದಾಗ ಇಳಿಜಾರಿಗೂ ಹೋಗಬೇಡಿ. ಮೋಟಾರ್ ಬ್ರೇಕು ಕರೆಂಟನ್ನು ವಾಪಸ್ ಬ್ಯಾಟರಿಗೆ ತಳ್ಳುತ್ತದೆ. ಅಲ್ಲಿ ಜಾಗ ಇಲ್ಲ ಅಂದರೆ ಬ್ರೇಕು ಸರಿಯಾಗಿ ಹಿಡಿಯಲ್ಲ. ರಸ್ತೆ ಅಂದ ಮೇಲೆ ಇದೂ ಗೊತ್ತಿರಲಿ: ನಮ್ಮಲ್ಲಿ ನೋಂದಣಿ ಇಲ್ಲದೆ ಓಡುವ ಎಲೆಕ್ಟ್ರಿಕ್ ಗಾಡಿಗಳ ಮಿತಿ 250 ವ್ಯಾಟ್, ಗಂಟೆಗೆ 25 ಕಿ.ಮೀ. ಇಂಥ ಎರಡು ಮೋಟಾರ್ ಅದನ್ನು ಸುಲಭವಾಗಿ ದಾಟುತ್ತವೆ. ನಾನು ಲೇಔಟಿನ ಒಳಗಷ್ಟೇ ಓಡಿಸೋದು.

ಅಕಸ್ಮಾತ್ ನೆನೆದರೆ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ಬಿಚ್ಚಿ ಒಂದು ದಿನ ಫ್ಯಾನ್ ಕೆಳಗಿಡಿ. ಅಕ್ಕಿ ಡಬ್ಬದಲ್ಲಿ ಹೂತಿಡೋದು ಸುಮ್ನೆ ಅಕ್ಕಿ ದಂಡ. ಆಮೇಲೆ 10 ಗುಂಪಿನ ವೋಲ್ಟೇಜನ್ನೂ ಮಲ್ಟಿಮೀಟರಿನಲ್ಲಿ ನೋಡಿ ಬರೆದಿಡಿ, ಮಾರನೇ ದಿನ ಮತ್ತೆ ನೋಡಿ. ಒಂದೇ ಗುಂಪು ಇಳಿಯುತ್ತಿದ್ದರೆ ಒಳಗೆಲ್ಲೋ ಕರೆಂಟ್ ಸೋರುತ್ತಿದೆ ಅಂತ ಅರ್ಥ. ಆ ಪ್ಯಾಕನ್ನು ಮನೆಯೊಳಗೆ ಇಟ್ಟುಕೊಳ್ಳಬೇಡಿ. ಚಕ್ರದ ಬೇರಿಂಗುಗಳನ್ನೂ ಅದೇ ವಾರ ತೊಳೆದು ಗ್ರೀಸ್ ಹಾಕಿ, ಇಲ್ಲಾಂದರೆ ತುಕ್ಕು ಹಿಡಿದು ಕಿರುಗುಟ್ಟುತ್ತವೆ.

ಈಗ ಸದ್ಯಕ್ಕೆ ಆ ಟಿಶ್ಯೂ ಪರೀಕ್ಷೆ ಮಾಡಿ ಫೋಟೋ ಹಾಕಿ. ಬಣ್ಣ ಎಲ್ಲಿ ಹರಡಿದೆ ನೋಡಿ ಮುಂದಿನದು ಹೇಳುತ್ತೇನೆ.