ಸೋಸುವ ಮುನ್ನ ಸೊನ್ನೆಯ ಸಾಲು ನೋಡಿ

ಈ ಸಲ ಆರಿಸಿದ ಪ್ರಶ್ನೆಗಳೆಲ್ಲ ಒಂದೇ ಜಾಡಿನವು: ಲಿನಕ್ಸ್ ಕರ್ನಲ್ (ವ್ಯವಸ್ಥೆಯ ತಿರುಳು) ಡೀಬಗ್ ಮಾಡುವಾಗ ಸ್ಟ್ಯಾಕ್ ಟ್ರೇಸ್‌ನೊಳಗೆ (ಯಾವ ಫಂಕ್ಷನ್ ಯಾವುದನ್ನು ಕರೆಯಿತೆಂಬ ಪಟ್ಟಿ) ನುಸುಳುವ ಯೂಸರ್ ಸ್ಪೇಸ್ ವಿಳಾಸಗಳು, ಅಂದರೆ ಸಾಮಾನ್ಯ ಪ್ರೋಗ್ರಾಂಗಳ ಕಡೆಯ ಮೆಮೊರಿ ವಿಳಾಸಗಳು. ಕಮಾಂಡ್‌ಗಳನ್ನೂ ಹೆಕ್ಸ್ ಅಂಕಿಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಪ್ರಶ್ನೆ: ಕ್ಯೂಎಮು ಎಮ್ಯುಲೇಟರ್‌ನಲ್ಲಿ 64 ಬಿಟ್ ಎಕ್ಸ್86 ಕರ್ನಲ್ ಓಡಿಸಿ, ಜಿಡಿಬಿ ಡೀಬಗರ್ ಜೋಡಿಸಿದ್ದೇನೆ. ಬಿಟಿ (ಬ್ಯಾಕ್‌ಟ್ರೇಸ್) ಕೊಟ್ಟರೆ ಮೊದಲ ಹತ್ತು ಹನ್ನೆರಡು ಸಾಲು ಸರಿ ಇರುತ್ತವೆ. ಎಂಟ್ರಿ_ಸಿಸ್‌ಕಾಲ್_64 (ಸಿಸ್ಟಂ ಕಾಲ್ ಕರ್ನಲ್‌ಗೆ ಪ್ರವೇಶಿಸುವ ಜಾಗ) ದಾಟಿದ ಮೇಲೆ 2ಬಿ ಅನ್ನುವ ವಿಳಾಸ, 7ಎಫ್‌ಎಫ್‌ಡಿಯಿಂದ ಶುರುವಾಗುವ ವಿಳಾಸ, ಫಿಕ್ಸ್‌ಡ್_ಪರ್‌ಸಿಪಿಯು_ಡೇಟಾ ಎಂಬ ಹೆಸರು, ಎರಡೆರಡು ಪ್ರಶ್ನೆ ಚಿಹ್ನೆ ಬರುತ್ತವೆ. ಇವನ್ನು ತೆಗೆಯುವುದು ಹೇಗೆ?

ಉತ್ತರ: ಆ ಸಾಲುಗಳು ಫಂಕ್ಷನ್ ಕರೆಗಳೇ ಅಲ್ಲ. ಪ್ರೋಗ್ರಾಂ ಸಿಸ್ಟಂ ಕಾಲ್ ಮಾಡಿದಾಗ ಅದರ ರಿಜಿಸ್ಟರ್‌ಗಳನ್ನು ಕರ್ನಲ್ ತನ್ನ ಸ್ಟ್ಯಾಕಿನ ಮೇಲ್ತುದಿಯಲ್ಲಿ ಕಟ್ಟಿಡುತ್ತದೆ. ಪಿಟಿ_ರೆಗ್ಸ್ ಅನ್ನುವುದು ಇದನ್ನೇ: 21 ಖಾನೆ, ತಲಾ 8 ಬೈಟ್, ಒಟ್ಟು 168 ಬೈಟ್. ಕೆಳಗಿನಿಂದ ಆರ್15, ಆರ್14 ಎಂದು ಶುರುವಾಗಿ ಐಪಿ, ಸಿಎಸ್, ಫ್ಲ್ಯಾಗ್ಸ್, ಎಸ್‌ಪಿ, ಎಸ್‌ಎಸ್‌ಗೆ ಮುಗಿಯುತ್ತದೆ. ಎಂಟ್ರಿ ಕೋಡಿನ ಅಸೆಂಬ್ಲಿಯಲ್ಲಿದ್ದ ಡ್ವಾರ್ಫ್ ಗುರುತುಗಳನ್ನು (ಸ್ಟ್ಯಾಕ್ ಬಿಚ್ಚುವುದು ಹೇಗೆಂದು ಡೀಬಗರ್‌ಗೆ ಹೇಳುವವು) 2015ರಲ್ಲಿ, 4.2ನೇ ಆವೃತ್ತಿಯಲ್ಲೇ, ಕಿತ್ತುಹಾಕಲಾಯಿತು. ಕರ್ನಲ್ ತನ್ನ ಪಾಡಿಗೆ 4.14ರಿಂದ ಆರ್ಕ್ ಎಂಬ ತನ್ನದೇ ಕೋಷ್ಟಕ ಓದಿಕೊಂಡು ಸರಿಯಾದ ಕಡೆ ನಿಲ್ಲುತ್ತದೆ. ಜಿಡಿಬಿಗೆ ಆರ್ಕ್ ಗೊತ್ತಿಲ್ಲ. ಅದು ಊಹೆಯ ಮೇಲೆ ಮುಂದೆ ಹೋಗಿ, ಪಿಟಿ_ರೆಗ್ಸ್‌ನ ಖಾನೆಗಳನ್ನೇ ಹಿಂದಿರುಗುವ ವಿಳಾಸವೆಂದು ಭಾವಿಸಿ ಪಟ್ಟಿ ಮಾಡುತ್ತದೆ. ನಿಮ್ಮ 2ಬಿ ಯೂಸರ್ ಎಸ್‌ಎಸ್‌ನ ಬೆಲೆ. 7ಎಫ್‌ಎಫ್‌ಡಿ ಬಹುಪಾಲು ಯೂಸರ್ ಸ್ಟ್ಯಾಕಿನದು. ಇನ್ನು ಆ ವಿಚಿತ್ರ ಹೆಸರು: ಪರ್‌ಸಿಪಿಯು (ಪ್ರತಿ ಸಿಪಿಯುಗೂ ಪ್ರತ್ಯೇಕ ದತ್ತಾಂಶದ) ವಿಭಾಗವನ್ನು ಸೊನ್ನೆ ವಿಳಾಸದಿಂದ ಲಿಂಕ್ ಮಾಡಿದ ಕರ್ನಲ್‌ನಲ್ಲಿ ಯಾವುದೇ ಸಣ್ಣ ಸಂಖ್ಯೆಗೆ ಜಿಡಿಬಿ ಅಲ್ಲಿನ ಹೆಸರನ್ನೇ ಅಂಟಿಸುತ್ತದೆ. ಹಳೆಯ ಕರ್ನಲ್‌ಗಳಲ್ಲಿ ಇದೇ ಜಾಗದಲ್ಲಿ ಐಆರ್‌ಕ್ಯೂ_ಸ್ಟ್ಯಾಕ್_ಯೂನಿಯನ್ ಎಂದು ಬರುತ್ತಿತ್ತು.

ಸೋಸಲು ಜಿಡಿಬಿಯ ಪೈಥಾನ್ ಫ್ರೇಮ್ ಫಿಲ್ಟರ್ ಸಾಕು. ಟ್ರೇಸ್‌ನ ಒಂದೊಂದು ಸಾಲೇ ಫ್ರೇಮ್. ಒಂದು ಕ್ಲಾಸ್ ಬರೆದು ಅದಕ್ಕೆ ನೇಮ್, ಪ್ರಯಾರಿಟಿ, ಎನೇಬಲ್ಡ್ ಎಂಬ ಮೂರು ಗುಣ ಕೊಡಿ. ಅದರ ವಸ್ತುವನ್ನು ಜಿಡಿಬಿ.ಫ್ರೇಮ್_ಫಿಲ್ಟರ್ಸ್ ಡಿಕ್ಷನರಿಗೆ ಸೇರಿಸಿ. ಅದರ ಫಿಲ್ಟರ್ ಮೆಥಡ್‌ಗೆ ಫ್ರೇಮ್‌ಗಳ ಇಟರೇಟರ್ ಬರುತ್ತದೆ. ಅದನ್ನು ಇಟರ್‌ಟೂಲ್ಸ್‌ನ ಟೇಕ್‌ವೈಲ್‌ಗೆ (ಷರತ್ತು ಮುರಿದ ಕೂಡಲೇ ನಿಲ್ಲುವಂಥದ್ದು) ಕೊಟ್ಟು ಮರಳಿಸಿ. ಷರತ್ತು ಇಷ್ಟೇ: ಫ್ರೇಮ್‌ನ ಲೆವೆಲ್ ಸೊನ್ನೆ ಆಗಿರಬೇಕು, ಇಲ್ಲವೇ ಪಿಸಿಯ (ಸೂಚನೆಯ ವಿಳಾಸ) 63ನೇ ಬಿಟ್ 1 ಇರಬೇಕು. ಇನ್‌ಫೀರಿಯರ್_ಫ್ರೇಮ್‌ನ ಪಿಸಿಯನ್ನು 63 ಬಿಟ್ ಬಲಕ್ಕೆ ಸರಿಸಿದರೆ ಉತ್ತರ ಸಿಗುತ್ತದೆ. 2ಬಿಯಂಥ ಪುಡಿ ಸಂಖ್ಯೆಗಳೂ ಇದೇ ಷರತ್ತಿಗೆ ಬೀಳುತ್ತವೆ. ಮೂಲ ಪಟ್ಟಿ ಬೇಕೆಂದಾಗ ಬಿಟಿ -ನೋ-ಫಿಲ್ಟರ್ಸ್.

ಟೇಕ್‌ವೈಲ್ ಬದಲು ಬರೀ ಫಿಲ್ಟರ್ ಹಾಕಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು. ದಾರಿ ತಪ್ಪಿದ ಮೇಲೆ ಜಿಡಿಬಿ ಎಡವಿಕೊಂಡು ಹೋಗುವ ಹಾದಿಯಲ್ಲಿ ಆಕಸ್ಮಿಕವಾಗಿ ಒಂದು ಕರ್ನಲ್ ವಿಳಾಸ ಸಿಕ್ಕಿತೆನ್ನಿ. ಫಿಲ್ಟರ್ ಅದನ್ನು ಉಳಿಸಿಕೊಂಡು, ಇಲ್ಲದ ಕರೆಯೊಂದನ್ನು ಅಚ್ಚುಕಟ್ಟಾಗಿ ತೋರಿಸುತ್ತದೆ. ಕಸ ಕಾಣುತ್ತಿದ್ದರೆ ಅನುಮಾನವಾದರೂ ಬರುತ್ತದೆ.

ಇನ್ನೊಂದು: ಪ್ರಶ್ನೆ ಚಿಹ್ನೆ ಬಂದದ್ದೆಲ್ಲ ಯೂಸರ್ ವಿಳಾಸವಲ್ಲ. ಕರ್ನಲ್ ಬೂಟ್ ಸಾಲಿಗೆ ನೋಕೆಎಎಸ್‌ಎಲ್‌ಆರ್ (ಕರ್ನಲ್ ವಿಳಾಸ ಪ್ರತಿ ಬೂಟ್‌ಗೂ ಬದಲಾಗದಂತೆ ತಡೆಯುವುದು) ಸೇರಿಸದಿದ್ದರೆ ಅಪ್ಪಟ ಕರ್ನಲ್ ವಿಳಾಸಕ್ಕೂ ಜಿಡಿಬಿಗೆ ಹೆಸರು ಸಿಗುವುದಿಲ್ಲ. ಮಾಡ್ಯೂಲ್ ಆದರೆ ಎಲ್‌ಎಕ್ಸ್-ಸಿಂಬಲ್ಸ್ (ಮಾಡ್ಯೂಲ್‌ಗಳ ಹೆಸರು ತುಂಬುವ ಕಮಾಂಡ್) ಓಡಿಸಿರಬೇಕು. ಹೆಸರು ನೋಡಿ ತೀರ್ಮಾನಿಸಬೇಡಿ, ಅಂಕಿ ನೋಡಿ.

ಪ್ರಶ್ನೆ: ನಮ್ಮ ಡ್ರೈವರ್ ಬಿದ್ದಾಗ ಟ್ರೇಸ್‌ನ ಮೊದಲ ವಿಳಾಸವೇ ಯೂಸರ್ ಕಡೆಯದು. ಫಿಲ್ಟರ್ ಹಾಕಿದರೆ ಪಟ್ಟಿ ಪೂರ್ತಿ ಖಾಲಿ. ಫಿಲ್ಟರ್ ತಪ್ಪೇ?

ಉತ್ತರ: ಹೌದು, ತಪ್ಪು. ಹೊಟ್ಟು ತೂರುವ ಭರದಲ್ಲಿ ಕಾಳನ್ನೇ ತೂರಿದ ಹಾಗಾಯಿತು. ಮೇಲಿನ ಉತ್ತರದಲ್ಲಿ ಸೊನ್ನೆಯ ಫ್ರೇಮ್‌ಗೆ ವಿನಾಯಿತಿ ಕೊಟ್ಟದ್ದು ಇದೇ ಕಾರಣಕ್ಕೆ.

ಊಪ್ಸ್ (ಕರ್ನಲ್ ದೋಷ) ಸಂದೇಶದ ಆರ್‌ಐಪಿ ಸಾಲಿನಲ್ಲಿ ವಿಳಾಸಕ್ಕಿಂತ ಮುಂಚೆ ನಾಲ್ಕು ಅಂಕಿ ಇರುತ್ತವೆ, ಅದು ಸಿಎಸ್ ರಿಜಿಸ್ಟರ್. ಅದರ ಕೊನೆಯ ಎರಡು ಬಿಟ್ ಸವಲತ್ತಿನ ಮಟ್ಟ ಹೇಳುತ್ತವೆ. 0033 ಇದ್ದರೆ ಸಿಪಿಯು ಯೂಸರ್ ಮೋಡ್‌ನಲ್ಲೇ ಇತ್ತು, 32 ಬಿಟ್ ಪ್ರೋಗ್ರಾಂ ಆದರೆ 0023. ಈ ಎರಡರಲ್ಲಿ ಯೂಸರ್ ವಿಳಾಸ ಸಹಜ. ಆದರೆ 0010 ಇದ್ದು ವಿಳಾಸ ಯೂಸರ್ ಕಡೆಯದಾಗಿದ್ದರೆ, ಕರ್ನಲ್ ಮೋಡ್‌ನಲ್ಲಿದ್ದ ಸಿಪಿಯು ಯೂಸರ್ ಪುಟಕ್ಕೆ ಹಾರಿದೆ ಎಂದರ್ಥ. ಸಾಮಾನ್ಯ ಕಾರಣ ಮೂರು: ಫಂಕ್ಷನ್ ಪಾಯಿಂಟರ್ ತುಂಬದೆ ಸೊನ್ನೆ ಉಳಿದಿದೆ, ಫ್ರೀ ಮಾಡಿದ ಸ್ಟ್ರಕ್ಚರ್‌ನಿಂದ ಪಾಯಿಂಟರ್ ಎತ್ತಿದ್ದೀರಿ, ಇಲ್ಲವೇ ಸ್ಟ್ಯಾಕ್ ಮೇಲಿದ್ದ ಹಿಂದಿರುಗುವ ವಿಳಾಸ ಅಳಿಸಿಹೋಗಿದೆ. ಎಸ್‌ಎಂಇಪಿ (ಕರ್ನಲ್ ಮೋಡ್‌ನಲ್ಲಿ ಯೂಸರ್ ಕೋಡ್ ಓಡದಂತೆ ತಡೆ) ಇರುವ ಪ್ರೊಸೆಸರ್‌ನಲ್ಲಿ ಅದು ಅಲ್ಲೇ ಫಾಲ್ಟ್ ಆಗುತ್ತದೆ, ಲಾಗ್‌ನಲ್ಲಿ ಎಸ್‌ಎಂಇಪಿ ಎಂಬ ಮಾತೂ ಕಾಣಬಹುದು.

ಮೊದಲ ಎರಡು ಕಾರಣವಾದರೆ ಕರೆದವರ ಗುರುತು ಕೈಯಳತೆಯಲ್ಲೇ ಇದೆ. ಕಾಲ್ ಸೂಚನೆ ಹಾರುವ ಮುನ್ನ ಹಿಂದಿರುಗುವ ವಿಳಾಸವನ್ನು ಸ್ಟ್ಯಾಕ್‌ಗೆ ತಳ್ಳಿರುತ್ತದೆ. ಆರ್‌ಎಸ್‌ಪಿ (ಸ್ಟ್ಯಾಕ್‌ನ ತುದಿ ತೋರುವ ರಿಜಿಸ್ಟರ್) ತೋರುವ 8 ಬೈಟ್ ಅದೇ. ಜಿಡಿಬಿಯಲ್ಲಿ ಆರ್‌ಎಸ್‌ಪಿ ಮೇಲೆ ಎಕ್ಸ್/ಎ ಕೊಡಿ. ಕ್ರ್ಯಾಶ್‌ನಲ್ಲಿ (ಡಂಪ್ ಓದುವ ಸಾಧನ) ಆರ್‌ಡಿ -ಎಸ್, ಕೆಡಿಬಿಯಲ್ಲಿ (ಕರ್ನಲ್‌ನೊಳಗಿನ ಡೀಬಗರ್) ಎಂಡಿಎಸ್. ಮೂರೂ ಕಡೆ ಹೆಸರಿನ ಸಮೇತ ಬರುತ್ತದೆ. ಪೂರ್ತಿ ಟ್ರೇಸ್ ಬೇಕಾದರೆ ಜಿಡಿಬಿಯಲ್ಲಿ ಹಳೆಯ ಆರ್‌ಐಪಿ, ಆರ್‌ಎಸ್‌ಪಿ ಬರೆದಿಟ್ಟುಕೊಂಡು, ಆರ್‌ಐಪಿಗೆ ಆ ವಿಳಾಸ ಹಾಕಿ, ಆರ್‌ಎಸ್‌ಪಿಗೆ 8 ಕೂಡಿಸಿ ಬಿಟಿ ಕೊಡಿ. ನೋಡಿಯಾದ ಮೇಲೆ ಎರಡನ್ನೂ ಮೊದಲಿದ್ದಂತೆ ಮಾಡಿ. ಮರೆತು ಕಂಟಿನ್ಯೂ ಒತ್ತಿದರೆ ಕರೆ ನಡೆದೇ ಇಲ್ಲವೆಂಬಂತೆ ಕರ್ನಲ್ ಮುಂದೆ ಓಡುತ್ತದೆ, ಆಮೇಲೆ ಬರುವ ಊಪ್ಸ್ ನಿಮ್ಮದೇ ಸೃಷ್ಟಿ.

ಪ್ರಶ್ನೆ: 32 ಬಿಟ್ ಆರ್ಮ್ ಬೋರ್ಡ್. ಸಿ ಆದಮೇಲೆ ಏಳು ಸೊನ್ನೆಯ ವಿಳಾಸಕ್ಕಿಂತ ಕೆಳಗಿನದನ್ನೆಲ್ಲ ತೆಗೆಯುವ ಸ್ಕ್ರಿಪ್ಟ್ ಬರೆದೆ. ಈಗ ನನ್ನ ಮಾಡ್ಯೂಲ್‌ನ ಫಂಕ್ಷನ್‌ಗಳೇ ಮಾಯ.

ಉತ್ತರ: ಆರ್ಮ್‌ನಲ್ಲಿ ಮಾಡ್ಯೂಲ್‌ಗಳು ಪೇಜ್_ಆಫ್‌ಸೆಟ್‌ಗಿಂತ (ಕರ್ನಲ್ ಭಾಗದ ಆರಂಭದ ವಿಳಾಸ) 16 ಎಂಬಿ ಕೆಳಗೆ ಕೂರುತ್ತವೆ. ಥಂಬ್-2 ಸೂಚನೆಗಳ ಕರ್ನಲ್ ಆದರೆ 8 ಎಂಬಿ. ಕಾರಣ ಬ್ರಾಂಚ್ ಸೂಚನೆಯ ನೆಗೆತದ ಅಳತೆ. ಕರ್ನಲ್‌ನಿಂದ ತೀರಾ ದೂರವಿದ್ದರೆ ನೇರ ಕರೆ ಮುಟ್ಟುವುದಿಲ್ಲ. ನಿಮ್ಮ ಗಡಿಯನ್ನು ಬಿಎಫ್ ಆದಮೇಲೆ ಆರು ಸೊನ್ನೆಗೆ ಇಳಿಸಿ. ಪೇಜ್_ಆಫ್‌ಸೆಟ್ ಕೂಡ ಎಲ್ಲರಿಗೂ ಸಿಯಿಂದ ಶುರುವಾಗುತ್ತದೆ ಎಂದೇನಿಲ್ಲ. ಕಾನ್ಫಿಗ್ ಫೈಲಿನ ವಿಎಂಸ್ಪ್ಲಿಟ್ ಆಯ್ಕೆ ನೋಡಿಕೊಳ್ಳಿ.

ಮುಂದೆ 64 ಬಿಟ್ ಆರ್ಮ್‌ಗೆ ಹೋಗುವವರು ಗಮನಿಸಿ: ಅಲ್ಲಿ ಪಾಯಿಂಟರ್ ದೃಢೀಕರಣ ಚಾಲೂ ಇದ್ದರೆ ವಿಳಾಸದ ಮೇಲಿನ ಬಿಟ್‌ಗಳಲ್ಲಿ ಸಹಿ ತುಂಬಿರುತ್ತದೆ. ಆದ್ದರಿಂದ 63ನೇ ಬಿಟ್ ನಂಬುವಂತಿಲ್ಲ. ಯಾವ ಕಡೆಯದೆಂದು ಹೇಳುವುದು 55ನೇ ಬಿಟ್: 1 ಆದರೆ ಕರ್ನಲ್, 0 ಆದರೆ ಯೂಸರ್. ಎಸ್390 ಯಂತ್ರದಲ್ಲಂತೂ ಎರಡಕ್ಕೂ ಬೇರೆ ಬೇರೆ ಅಡ್ರೆಸ್ ಸ್ಪೇಸ್. ಒಂದೇ ಸಂಖ್ಯೆ ಎರಡೂ ಕಡೆ ಸಿಂಧು. ಅಲ್ಲಿ ವಿಳಾಸ ನೋಡಿ ಸೋಸುವುದೇ ವ್ಯರ್ಥ.

ಪ್ರಶ್ನೆ: ಸೀರಿಯಲ್ ಕನ್ಸೋಲ್‌ನಿಂದ ಹಿಡಿದ ಹಳೆಯ ಲಾಗ್ ಫೈಲ್ ಮಾತ್ರ ಇದೆ. ಆಕ್ (ಪಠ್ಯ ಸೋಸುವ ಸಾಧನ) ಬಳಸಿ ವಿಳಾಸ ಬೇರ್ಪಡಿಸಿದರೆ ಕೆಲವು ಹೊಂದಿಕೆಯಾಗುವುದೇ ಇಲ್ಲ.

ಉತ್ತರ: ಆಕ್ ಸಂಖ್ಯೆಗಳನ್ನು ಸಾಮಾನ್ಯವಾಗಿ ಡಬಲ್ ಆಗಿ ಇಟ್ಟುಕೊಳ್ಳುತ್ತದೆ, ಅದರ ನಿಖರತೆ 53 ಬಿಟ್. 64 ಬಿಟ್ ವಿಳಾಸದ ಕೊನೆಯ ಅಂಕಿಗಳು ಉದುರುತ್ತವೆ. ವಿಳಾಸವನ್ನು ಅಕ್ಷರಮಾಲೆಯಾಗಿಯೇ ಹೋಲಿಸಿ: 16 ಅಂಕಿ ಪೂರ್ತಿ ಇದ್ದು ಎಫ್‌ಎಫ್‌ನಿಂದ ಶುರುವಾದರೆ ಕರ್ನಲ್. ನಾಲ್ಕು ಎಫ್ ಹುಡುಕಬೇಡಿ. ಐದು ಹಂತದ ಪೇಜಿಂಗ್ ಇರುವ ಯಂತ್ರದಲ್ಲಿ ಕರ್ನಲ್ ಭಾಗ ಎರಡು ಎಫ್ ಆದಮೇಲೆ ಸೊನ್ನೆಯಿಂದಲೇ ಶುರು. ಬ್ಯಾಶ್‌ನಲ್ಲಿ ಇನ್ನೂ ಸುಲಭ. ಅದರ ಲೆಕ್ಕ 64 ಬಿಟ್ ಚಿಹ್ನೆಸಹಿತ, ಆದ್ದರಿಂದ ಕರ್ನಲ್ ವಿಳಾಸಗಳೆಲ್ಲ ಋಣ ಸಂಖ್ಯೆ. ಎಂಟು ಎಫ್, ಆಮೇಲೆ 81, ಆಮೇಲೆ ಆರು ಸೊನ್ನೆ ಕೊಟ್ಟು ನೋಡಿ, -2130706432 ಬರುತ್ತದೆ. ಸೊನ್ನೆಗಿಂತ ಕಡಿಮೆಯೇ ಎಂದು ಕೇಳಿದರೆ ಮುಗಿಯಿತು.

ಅಂದಹಾಗೆ, ಲಾಗ್‌ನ ಕಾಲ್ ಟ್ರೇಸ್ ಭಾಗದಲ್ಲಿ ಯೂಸರ್ ವಿಳಾಸ ಇರುವುದೇ ಇಲ್ಲ. ಕರ್ನಲ್ ಕೋಡಿನ ವ್ಯಾಪ್ತಿಯಲ್ಲಿದ್ದರೆ ಮಾತ್ರ ಅಲ್ಲಿ ಮುದ್ರಣವಾಗುತ್ತದೆ. ಹೆಸರಿಗೆ ಮುಂಚೆ ಪ್ರಶ್ನೆ ಚಿಹ್ನೆ ಇರುವ ಸಾಲು ಸ್ಟ್ಯಾಕ್‌ನಲ್ಲಿ ಸಿಕ್ಕ ಕರ್ನಲ್ ವಿಳಾಸವೇ. ಅನ್‌ವೈಂಡರ್ ಅದನ್ನು ಖಾತ್ರಿ ಮಾಡಿಲ್ಲ, ಅಷ್ಟೆ. ಯೂಸರ್ ವಿಳಾಸ ಕಾಣುವುದು ಕೊನೆಯ ರಿಜಿಸ್ಟರ್ ಗುಂಪಿನಲ್ಲಿ. ಅಲ್ಲಿ ಒಆರ್‌ಐಜಿ_ಆರ್‌ಎಎಕ್ಸ್ ಸಿಸ್ಟಂ ಕಾಲ್ ಸಂಖ್ಯೆ ಕೊಡುತ್ತದೆ: ಹೆಕ್ಸ್ 10 ಆದರೆ ಐಯೋಕ್ಟಲ್, 101 ಆದರೆ ಓಪನ್‌ಎಟ್. ಅದೊಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಅಳಿಸಿ.

ಪ್ರಶ್ನೆ: ಪರ್ಫ್‌ನಲ್ಲಿ (ಕಾರ್ಯಕ್ಷಮತೆ ಅಳೆಯುವ ಸಾಧನ) ಸೈಕಲ್ಸ್:ಕೆ ಕೊಟ್ಟರೂ ಯೂಸರ್ ಫ್ರೇಮ್ ಬರುತ್ತಿವೆ.

ಉತ್ತರ: ಅಲ್ಲಿನ ಕೆ, ಸ್ಯಾಂಪಲ್ ಯಾವ ಮೋಡ್‌ನಲ್ಲಿ ಹಿಡಿಯಬೇಕು ಎಂಬುದಕ್ಕೆ ಮಾತ್ರ. ಹಿಡಿದ ಸ್ಯಾಂಪಲ್‌ನ ಕರೆಸರಣಿ ಯೂಸರ್ ಕಡೆಗೂ ಚಾಚುತ್ತದೆ. ಪರ್ಫ್ ರೆಕಾರ್ಡ್‌ಗೆ --ಕರ್ನಲ್-ಕಾಲ್‌ಚೈನ್ಸ್ ಸೇರಿಸಿ. ಬಿಪಿಎಫ್‌ಟ್ರೇಸ್‌ನಲ್ಲಿ ಕೆಸ್ಟ್ಯಾಕ್ ಬಳಸಿದರೆ ಈ ತೊಂದರೆಯೇ ಇಲ್ಲ.

ಪ್ರಶ್ನೆ: ಗ್ರಾಹಕರ ಸರ್ವರ್‌ನ ವಿಎಂಕೋರ್ (ಕುಸಿದಾಗಿನ ಮೆಮೊರಿ ಡಂಪ್) ಹೊರಗೆ ಕಳಿಸಬೇಕು. ಟ್ರೇಸ್‌ನಿಂದ ಯೂಸರ್ ವಿಳಾಸ ತೆಗೆದರೆ ಸಾಕೇ?

ಉತ್ತರ: ಸಾಲದು. ವಿಳಾಸ ಬರೀ ಮನೆ ನಂಬರ್, ಮನೆಯೊಳಗಿನ ಸಾಮಾನು ಡಂಪ್‌ನಲ್ಲೇ ಇದೆ. ಡಂಪ್ ಸೋಸುವ ಮೇಕ್‌ಡಂಪ್‌ಫೈಲ್‌ಗೆ -ಡಿ 31 ಕೊಡಿ. 1 ಸೊನ್ನೆ ತುಂಬಿದ ಪುಟ, 2 ಮತ್ತು 4 ಕ್ಯಾಶ್ ಪುಟ, 8 ಯೂಸರ್ ಡೇಟಾ, 16 ಖಾಲಿ ಪುಟ, ಕೂಡಿದರೆ 31. ಬರೀ 8 ಕೊಟ್ಟರೆ ಫೈಲ್‌ಗಳಿಂದ ಓದಿದ ಮಾಹಿತಿ ಪೇಜ್ ಕ್ಯಾಶ್‌ನಲ್ಲಿ ಉಳಿದುಬಿಡುತ್ತದೆ, ಖಾಲಿ ಪುಟಗಳಲ್ಲಿ ಹಳೆಯ ಪ್ರೋಗ್ರಾಂಗಳ ಪಳೆಯುಳಿಕೆಯೂ ಇರಬಹುದು. 31 ಕೊಟ್ಟ ಮೇಲೂ ಕರ್ನಲ್ ಸ್ಟ್ಯಾಕ್, ಸ್ಲ್ಯಾಬ್, ಸಾಕೆಟ್ ಬಫರ್ ಹಾಗೇ ಇರುತ್ತವೆ. ರೈಟ್ ಮಾಡುತ್ತಿದ್ದ ದತ್ತಾಂಶದ ತುಣುಕು ಅಲ್ಲಿ ಸಿಗುವುದುಂಟು. ಅಷ್ಟೂ ಆಗದೆಂದರೆ ವಿಎಂಕೋರ್ ಕಳಿಸಬೇಡಿ, ಕ್ರ್ಯಾಶ್‌ನಲ್ಲಿ ಬಿಟಿ -ಎ ಓಡಿಸಿ ಅದರ ಪಠ್ಯವನ್ನಷ್ಟೇ ಕಳಿಸಿ. ಬಿಟಿ -ಎಫ್ ಬೇಡ, ಅದು ಪ್ರತಿ ಫ್ರೇಮ್‌ನ ಒಳಗಿರುವ ಬೆಲೆಗಳನ್ನೆಲ್ಲ ಹೊರಗೆ ಸುರಿಯುತ್ತದೆ.