ಗಾಳಿ ಹೋದರೆ ಬ್ರೇಕ್ ತಾನಾಗಿಯೇ ಹಿಡಿಯುತ್ತದಲ್ಲ, ಮತ್ತೆ ಘಾಟಿಯಲ್ಲಿ ಲಾರಿಗೆ ಬ್ರೇಕ್ ಸಿಗದೆ ಹೋಗುವುದು ಹೇಗೆ?

ಹಳೆಯ ಆರು ಚಕ್ರದ ಲಾರಿ ತಗೊಂಡಿದ್ದೀರಿ, ತೀರ್ಥಹಳ್ಳಿಯಿಂದ ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಲೋಡ್ ಹೊಡೆಯಬೇಕು. ಗೇಜಿನಲ್ಲಿ 8 ಕೆಜಿ ಏರ್ (ಚದರ ಸೆಂ.ಮೀ.ಗೆ 8 ಕೆಜಿ ಒತ್ತಡ) ಇದ್ದರೆ ಸಾಕಲ್ಲವೇ, ಹೇಗೂ ಗಾಳಿ ಹೋದರೆ ಬ್ರೇಕ್ ತಾನೇ ಹಿಡಿಯುತ್ತದಲ್ಲ ಎಂದು ಕೇಳಿದ್ದೀರಿ. ಸಾಕಾಗುವುದಿಲ್ಲ. ಟ್ಯಾಂಕಿನಲ್ಲಿ ಎಷ್ಟು ಗಾಳಿ ಇದೆ ಎಂದಷ್ಟೇ ಗೇಜು ಹೇಳುತ್ತದೆ. ಆ ಗಾಳಿ ಬ್ರೇಕ್ ಶೂಗಳನ್ನು ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒತ್ತುತ್ತಿದೆಯೋ ಇಲ್ಲವೋ ಅನ್ನುವುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಟ್ಯಾಂಕ್ ತುಂಬ ಗಾಳಿ ಇಟ್ಟುಕೊಂಡೇ ಲಾರಿಗೆ ಬ್ರೇಕ್ ಸಿಗದೆ ಹೋಗಬಹುದು.

ಮೊದಲು ಗಾಳಿ ಹೋಗುವ ದಾರಿ ನೋಡಿಬಿಡೋಣ. ಇಂಜಿನ್ನಿನಿಂದ ತಿರುಗುವ ಕಂಪ್ರೆಸರ್ ಗಾಳಿ ಒತ್ತಿ ಕಳಿಸುತ್ತದೆ. ಅದು ಏರ್ ಡ್ರೈಯರ್‌ನಲ್ಲಿ ತೇವ ಬಿಟ್ಟು ನಾಲ್ಕು ದಾರಿಯ ಪ್ರೊಟೆಕ್ಷನ್ ವಾಲ್ವಿಗೆ ಬರುತ್ತದೆ. ಅಲ್ಲಿಂದ ಒಂದು ದಾರಿ ಮುಂದಿನ ಬ್ರೇಕಿಗೆ, ಒಂದು ಹಿಂದಿನ ಬ್ರೇಕಿಗೆ, ಒಂದು ಪಾರ್ಕಿಂಗ್ ಬ್ರೇಕಿಗೆ, ಇನ್ನೊಂದು ಹಾರ್ನ್, ಎಕ್ಸಾಸ್ಟ್ ಬ್ರೇಕ್ (ಇಂಜಿನ್ನಿನ ಹೊಗೆ ತಡೆದು ಗಾಡಿ ನಿಧಾನಿಸುವ ಬ್ರೇಕ್) ಮುಂತಾದ ಚಿಲ್ಲರೆ ಕೆಲಸಕ್ಕೆ. ಒಂದು ಪೈಪ್ ಒಡೆದರೂ ಉಳಿದ ದಾರಿಗಳು ಪೂರ್ತಿ ಖಾಲಿಯಾಗದ ಹಾಗೆ ಈ ವಾಲ್ವ್ ತಡೆಯುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎರಡು ಮುಳ್ಳು ಇರುವುದು ಇದಕ್ಕೇ, ಮುಂದಿನದಕ್ಕೊಂದು ಹಿಂದಿನದಕ್ಕೊಂದು. ಎರಡನ್ನೂ ನೋಡಿ. 8 ಕೆಜಿ ಗಾಡಿಗಳಲ್ಲಿ ಒತ್ತಡ 8ರ ಹತ್ತಿರ ಬಂದಾಗ ಕಂಪ್ರೆಸರ್ ತುಂಬುವುದು ನಿಲ್ಲಿಸುತ್ತದೆ, ಡ್ರೈಯರ್ "ಪುಸ್" ಎಂದು ಸೀನುತ್ತದೆ, 7ರ ಆಸುಪಾಸಿಗೆ ಇಳಿದಾಗ ಮತ್ತೆ ತುಂಬಲು ಶುರು. ಹೊಸ ಗಾಡಿಗಳಲ್ಲಿ 10ರ ತನಕ ಇರುವುದೂ ಉಂಟು. ನಿಮ್ಮ ಗಾಡಿಯ ಅಂಕಿ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ.

ಪೆಡಲ್ ತುಳಿದಾಗ ಕಾಲಡಿಯ ವಾಲ್ವ್ ನೀವು ಒತ್ತಿದಷ್ಟಕ್ಕೆ ತಕ್ಕ ಗಾಳಿ ಬಿಡುತ್ತದೆ. ಹಿಂದಿನ ಚಕ್ರ ದೂರ ಇರುವುದರಿಂದ ಅಲ್ಲಿ ರಿಲೇ ವಾಲ್ವ್ ಕೂತಿರುತ್ತದೆ. ಪೆಡಲಿನಿಂದ ಸಣ್ಣ ಸೂಚನೆ ಬಂದರೆ ಸಾಕು, ಹತ್ತಿರದ ಟ್ಯಾಂಕಿನಿಂದಲೇ ಗಾಳಿ ಕೊಡುತ್ತದೆ. ಆದರೂ ತುಳಿದ ಕ್ಷಣಕ್ಕೂ ಶೂ ಹಿಡಿಯುವ ಕ್ಷಣಕ್ಕೂ ಸುಮಾರು ಅರ್ಧ ಸೆಕೆಂಡ್ ಹೋಗುತ್ತದೆ. 60 ಕಿ.ಮೀ. ವೇಗದಲ್ಲಿ ಅಷ್ಟರೊಳಗೆ ಲಾರಿ 8 ಮೀಟರ್ ಮುಂದೆ ಹೋಗಿರುತ್ತದೆ. ಕಾರು, ಜೀಪು ಓಡಿಸಿದ ಕಾಲಿಗೆ ಇದು ಒಗ್ಗಲು ಸ್ವಲ್ಪ ದಿನ ಬೇಕು.

ಚಕ್ರದ ಹತ್ತಿರ ಚೇಂಬರ್ ಇದೆ, ಒಳಗೆ ರಬ್ಬರ್ ಡಯಾಫ್ರಂ. 24 ನಂಬರ್ ಚೇಂಬರ್ ಅಂದರೆ ಡಯಾಫ್ರಂ 24 ಚದರ ಇಂಚು, ಹೆಚ್ಚುಕಡಿಮೆ 155 ಚದರ ಸೆಂ.ಮೀ. 6 ಕೆಜಿ ಒತ್ತಡ ಬಿದ್ದರೆ ಡಯಾಫ್ರಂ ಹೊರಗೆ ತಳ್ಳುವ ಸರಳಿನ, ಅಂದರೆ ಪುಷ್‌ರಾಡಿನ, ಮೇಲೆ 900 ಕಿಲೋಗೂ ಮಿಕ್ಕಿ ಬಲ. ಪುಷ್‌ರಾಡ್ ಸ್ಲ್ಯಾಕ್ ಅಡ್ಜಸ್ಟರ್ ಎಂಬ ಸನ್ನೆಯನ್ನು ತಳ್ಳುತ್ತದೆ (ಶೂ-ಡ್ರಮ್ ನಡುವಿನ ಸಂದು ಹೊಂದಿಸುವುದೂ ಇದರಲ್ಲೇ), ಸ್ಲ್ಯಾಕ್ ಎಸ್ ಆಕಾರದ ಕ್ಯಾಮ್ ತಿರುಗಿಸುತ್ತದೆ, ಕ್ಯಾಮ್ ಎರಡೂ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ.

ಈಗ "ಗಾಳಿ ಹೋದರೆ ತಾನೇ ಹಿಡಿಯುತ್ತದೆ" ಎಂಬ ಮಾತಿಗೆ ಬರೋಣ. ಅದು ಅರ್ಧ ಸತ್ಯ. ಕಾಲಿನ ಬ್ರೇಕ್ ಗಾಳಿಯಿಂದಲೇ ಹಿಡಿಯುವುದು; ಗಾಳಿ ಇಲ್ಲದಿದ್ದರೆ ಅದು ಇಲ್ಲ. ಪಾರ್ಕಿಂಗ್ ಬ್ರೇಕ್ ತಿರುಗುಮುರುಗು. ಹಿಂದಿನ ಚೇಂಬರಿಗೆ ಅಂಟಿಕೊಂಡ ದೊಡ್ಡ ಡಬ್ಬಿಯೊಳಗೆ ಭಾರೀ ಸ್ಪ್ರಿಂಗ್ ಇದೆ, ಅದನ್ನು ಒತ್ತಿ ಹಿಡಿದಿರುವುದು ಗಾಳಿ. ಗಾಳಿ ಬಿಟ್ಟರೆ ಸ್ಪ್ರಿಂಗ್ ಹಿಗ್ಗಿ ಬ್ರೇಕ್ ಹಿಡಿಯುತ್ತದೆ. ಆದರೆ ಆ ಸ್ಪ್ರಿಂಗ್ ತಳ್ಳುವುದೂ ಅದೇ ಪುಷ್‌ರಾಡನ್ನು, ಅದೇ ಸ್ಲ್ಯಾಕನ್ನು, ಅದೇ ಶೂಗಳನ್ನು. ಕಾಲಿನ ಬ್ರೇಕಿಗೆ ಶೂ ಡ್ರಮ್ಮಿಗೆ ತಾಗುತ್ತಿಲ್ಲ ಅಂದರೆ ಸ್ಪ್ರಿಂಗಿಗೂ ತಾಗುವುದಿಲ್ಲ. ಅಲ್ಲದೆ ಅದು ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಮಳೆಯಲ್ಲಿ ನೆನೆದ ತಿರುವಿನಲ್ಲಿ ಹಿಂಚಕ್ರ ಏಕಾಏಕಿ ಲಾಕ್ ಆದರೆ ಲಾರಿಯ ಬಾಲ ಅಡ್ಡ ತಿರುಗುತ್ತದೆ. ಒತ್ತಡ 5 ಕೆಜಿಗಿಂತ ಕೆಳಗೆ ಇಳಿಯತೊಡಗಿದರೆ ಸ್ಪ್ರಿಂಗ್ ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ; ಶೂ ಉಜ್ಜಿಕೊಂಡೇ ಓಡಿ ಡ್ರಮ್ ಹೊಗೆಯಾಡುತ್ತದೆ. ಗಾಳಿ ಕಡಿಮೆ ಎಂದು ಎಚ್ಚರಿಸುವ ಬಜರ್ ಹೊಡೆದುಕೊಳ್ಳುತ್ತಿರುವಾಗ ಗಾಡಿ ಎತ್ತಬಾರದು ಅನ್ನುವುದು ಇದಕ್ಕೆ.

ಆ ಸ್ಪ್ರಿಂಗ್ ಡಬ್ಬಿಯ ಕ್ಲ್ಯಾಂಪ್ ಮಾತ್ರ ಯಾರೂ ಬಿಚ್ಚಕೂಡದು. ಒಳಗಿನ ಸ್ಪ್ರಿಂಗ್ ಹಾರಿದರೆ ಎದುರಿಗಿದ್ದವರು ಉಳಿಯುವುದಿಲ್ಲ. ಹಿಂದಿನ ಮಾಲೀಕರು ದಾರಿಯಲ್ಲಿ ಗಾಳಿ ಹೋದಾಗ ಹಿಂಬದಿಯ ಬೋಲ್ಟ್ ತಿರುಗಿಸಿ ಸ್ಪ್ರಿಂಗ್ ಕಟ್ಟಿಹಾಕಿ ಗಾಡಿ ತಂದಿರಬಹುದು, ಮತ್ತೆ ಬಿಡಿಸಲು ಮರೆತಿರಬಹುದು. ಹಳೆ ಗಾಡಿ ಕೊಂಡವರು ಇದನ್ನು ಮೊದಲು ನೋಡಿ. ಅಂಥ ಚಕ್ರಕ್ಕೆ ಪಾರ್ಕಿಂಗ್ ಬ್ರೇಕೇ ಇಲ್ಲ.

ಇನ್ನು ಘಾಟಿಯ ಬಿಸಿ. 16 ಟನ್ ಲಾರಿ 500 ಮೀಟರ್ ಎತ್ತರ ಇಳಿದರೆ ಹುಟ್ಟುವ ಶಕ್ತಿ ಸುಮಾರು 78 ಮೆಗಾಜೌಲ್. ಅಂಕಿಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ: ಬಚ್ಚಲ ಹಂಡೆಯಲ್ಲಿ 260 ಲೀಟರ್ ತಣ್ಣೀರು ತುಂಬಿ ಕುದಿ ಬರುವ ತನಕ ಕಾಯಿಸುವಷ್ಟು ಬಿಸಿ. ಇಂಜಿನ್ ತಡೆಯದಿದ್ದರೆ ಅದರ ಬಹುಪಾಲು ಡ್ರಮ್ಮುಗಳಿಗೇ ಹೋಗಬೇಕು. ಶೂ ಮೇಲಿನ ಉಜ್ಜುವ ಪಟ್ಟಿ, ಅಂದರೆ ಲೈನರ್, ಬಿಸಿಯಾದರೆ ಹಿಡಿತ ಕಡಿಮೆ, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಡ್ರಮ್ ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ ಅನ್ನುವುದು. 410 ಮಿ.ಮೀ. ವ್ಯಾಸದ ಬೀಡು ಕಬ್ಬಿಣದ ಡ್ರಮ್ 300 ಡಿಗ್ರಿ ಹೆಚ್ಚು ಬಿಸಿಯಾದರೆ ವ್ಯಾಸ ಒಂದು ಮಿ.ಮೀ.ಗೂ ಮೇಲೆ ಹಿಗ್ಗುತ್ತದೆ. ಅಷ್ಟೇನಾ ಅನ್ನಬೇಡಿ. ಶೂ ಅರ್ಧ ಮಿ.ಮೀ. ಹೆಚ್ಚು ಸರಿಯಬೇಕಾದರೆ ಪುಷ್‌ರಾಡ್ ಅದರ ಹತ್ತಾರು ಪಟ್ಟು ಹೆಚ್ಚು ಹೊರಬರಬೇಕು, ಅಂದರೆ 7-8 ಮಿ.ಮೀ. 24 ನಂಬರ್ ಚೇಂಬರಿನ ಪೂರ್ತಿ ಓಟವೇ ಸುಮಾರು 57 ಮಿ.ಮೀ. ತಣ್ಣಗಿದ್ದಾಗಲೇ 50 ಮಿ.ಮೀ. ಓಡುವ ಪುಷ್‌ರಾಡ್ ಶಿವಮೊಗ್ಗದ ಪೇಟೆಯೊಳಗೆ ಚೆನ್ನಾಗಿಯೇ ಹಿಡಿಯುತ್ತದೆ. ಅದೇ ಪುಷ್‌ರಾಡ್ ಘಾಟಿಯ ನಡುವೆ ಚೇಂಬರಿನ ಗೋಡೆಗೆ ಬಡಿದು ನಿಲ್ಲುತ್ತದೆ, ಶೂ ಡ್ರಮ್ಮಿಗೆ ಸವರಿದ ಹಾಗೆ ತಾಗುತ್ತದೆ. ಆಗಲೂ ಗೇಜಿನಲ್ಲಿ 7 ಕೆಜಿ ಇರುತ್ತದೆ.

ಆದ್ದರಿಂದ ಅಳತೆ ತೆಗೆಯಿರಿ. ಸಮತಟ್ಟು ಜಾಗದಲ್ಲಿ ಚಕ್ರಗಳಿಗೆ ಎರಡೂ ಬದಿ ಕಲ್ಲು ಕೊಟ್ಟು, ಗಾಳಿ ತುಂಬಿಸಿ, ಇಂಜಿನ್ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಬಿಡಿಸಿ. ಗೇಜು 6ರಿಂದ 7ರ ನಡುವೆ ಇರಲಿ. ಹೆಚ್ಚಿದ್ದರೆ ಪೆಡಲ್ ಒತ್ತಿ ಇಳಿಸಿ. ಪುಷ್‌ರಾಡ್ ಚೇಂಬರಿನಿಂದ ಹೊರಬರುವ ಜಾಗಕ್ಕೆ ಸರಿಯಾಗಿ ಸೀಮೆಸುಣ್ಣದ ಗೆರೆ ಎಳೆಯಿರಿ. ಕ್ಲೀನರ್ ಪೆಡಲನ್ನು ಪೂರ್ತಿ ತುಳಿದು ಹಿಡಿಯಲಿ. ಗೆರೆ ಎಷ್ಟು ಹೊರಗೆ ಬಂತು ಅಳೆಯಿರಿ. ಮಾಮೂಲಿ 24 ನಂಬರ್ ಚೇಂಬರಿಗೆ 44 ಮಿ.ಮೀ., 30 ನಂಬರಿಗೆ 51 ಮಿ.ಮೀ. ಕೊನೆಯ ಮಿತಿ. ಘಾಟಿ ಇಳಿಯುವ ಗಾಡಿಯನ್ನು ಆ ಮಿತಿಯ ತನಕ ಬಿಡಬೇಡಿ ಅಂತ ನಾನು ಹೇಳುತ್ತೇನೆ. ಎಡ ಬಲಗಳ ನಡುವೆ ವ್ಯತ್ಯಾಸವಿದ್ದರೆ ಗಾಡಿ ಒಂದು ಕಡೆ ಎಳೆಯುತ್ತದೆ, ಅದನ್ನೂ ಸರಿಮಾಡಿ.

ಕೈಯಲ್ಲಿ ತಿರುಗಿಸುವ ಸ್ಲ್ಯಾಕ್ ಆಗಿದ್ದರೆ, ಲಾಕ್ ಕಾಲರ್ ಒತ್ತಿ ಹಿಡಿದು ಸ್ಪ್ಯಾನರಿನಿಂದ ಬಿಗಿಮಾಡಿ. ಬ್ರೇಕ್ ಹಿಡಿಯುವಾಗ ಕ್ಯಾಮ್ ಯಾವ ಕಡೆ ತಿರುಗುತ್ತದೋ ಅದೇ ಕಡೆ ತಿರುಗುತ್ತಿರಬೇಕು. ಶೂ ಡ್ರಮ್ಮಿಗೆ ಕಚ್ಚಿದ ಮೇಲೆ ಕಾಲು ಸುತ್ತಿನಿಂದ ಅರ್ಧ ಸುತ್ತು ಹಿಂದಕ್ಕೆ ಬಿಡಿ, ಕಾಲರ್ ಮತ್ತೆ ಹೊರಗೆ ಬಂದು ಲಾಕ್ ಆಯಿತೇ ನೋಡಿ. ಆಟೋಮ್ಯಾಟಿಕ್ ಸ್ಲ್ಯಾಕ್ ಇದ್ದರೆ ಪದೇ ಪದೇ ಕೈ ಹಾಕಬೇಡಿ. ಅದು ತಾನೇ ಹೊಂದಿಸಿಕೊಳ್ಳಬೇಕು. ಹೊಂದಿಸಿಕೊಳ್ಳುತ್ತಿಲ್ಲ ಅಂದರೆ ಸ್ಲ್ಯಾಕ್ ಸತ್ತಿದೆ, ಇಲ್ಲವೇ ಕ್ಯಾಮ್ ಬುಷ್ ಅಥವಾ ಪಿನ್ ಸವೆದಿದೆ. ಸ್ಪ್ಯಾನರ್ ಹಾಕಿ ಬಿಗಿಮಾಡಿದರೆ ಆ ರೋಗ ಹದಿನೈದು ದಿನ ಅಡಗಿರುತ್ತದೆ ಅಷ್ಟೆ.

ನಮ್ಮ ಕಡೆಯ ಇನ್ನೊಂದು ಪೀಡೆ ನೀರು. ಮಳೆಗಾಲದಲ್ಲಿ ಅಟ್ಟದ ಮೇಲಿನ ಅಡಿಕೆಗೂ ಬೂಷ್ಟು ಹಿಡಿಯುವ ಊರು. 25 ಡಿಗ್ರಿಯಲ್ಲಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಿರುತ್ತದೆ. ಅದನ್ನು 8 ಕೆಜಿಗೆ ಒತ್ತಿ ತಣ್ಣಗಾಗಿಸಿದರೆ 20 ಗ್ರಾಂ ನೀರಾಗಿ ಕೆಳಗೆ ಬೀಳುತ್ತದೆ. ದಿನವಿಡೀ ಓಡುವ ಗಾಡಿಯಲ್ಲಿ ಎಷ್ಟಾಗಬಹುದು ಲೆಕ್ಕ ಹಾಕಿ. ಡ್ರೈಯರ್ ಕೆಟ್ಟರೆ ಅದೆಲ್ಲ ಟ್ಯಾಂಕಿಗೆ. ನೀರು ನಿಂತಷ್ಟು ಜಾಗದಲ್ಲಿ ಗಾಳಿ ಇರುವುದಿಲ್ಲ, ಎರಡು ಸಲ ತುಳಿಯುವಷ್ಟರಲ್ಲಿ ಮುಳ್ಳು ಜರ್ರನೆ ಇಳಿಯುತ್ತದೆ. ವಾಲ್ವ್‌ಗಳ ಒಳಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ದಿನಾ ಸಂಜೆ ಎಲ್ಲ ಟ್ಯಾಂಕುಗಳ ಡ್ರೈನ್ ಎಳೆಯಿರಿ, ಒಂದನ್ನೇ ಅಲ್ಲ. ಡ್ರೈಯರ್ ಇರುವ ಗಾಡಿಯಲ್ಲಿ ನೀರು ಬಂದರೆ ತೇವ ಹೀರುವ ಕಾರ್ಟ್ರಿಡ್ಜ್ ಮುಗಿದಿದೆ ಎಂದರ್ಥ. ಹಾಲು ಹಾಕಿದ ಕಾಫಿಯಂಥ ಕೆಸರು ಬಂದರೆ ಕಂಪ್ರೆಸರ್ ಆಯಿಲ್ ಎಸೆಯುತ್ತಿದೆ, ರಿಂಗ್ ನೋಡಿಸಿ; ಮೊದಲು ಅದನ್ನು ಸರಿಮಾಡದೆ ಹೊಸ ಕಾರ್ಟ್ರಿಡ್ಜ್ ಹಾಕಿದರೆ ದುಡ್ಡು ದಂಡ.

ಲೀಕ್ ಹುಡುಕಲು ಗಾಳಿ ತುಂಬಿಸಿ ಇಂಜಿನ್ ನಿಲ್ಲಿಸಿ, ಪಾರ್ಕಿಂಗ್ ಬಿಡಿಸಿ, ಒಂದು ನಿಮಿಷ ಮುಳ್ಳು ನೋಡಿ. 0.15 ಕೆಜಿಗಿಂತ ಹೆಚ್ಚು ಇಳಿಯಬಾರದು. ಪೆಡಲ್ ತುಳಿದು ಹಿಡಿದರೆ ಮೊದಲ ಇಳಿತ ಬಿಟ್ಟು ನಿಮಿಷಕ್ಕೆ 0.2. ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ತುಳಿದಾಗ ಮಾತ್ರ ಚೇಂಬರಿನಲ್ಲಿ ಸುಯ್ ಅಂದರೆ ಡಯಾಫ್ರಂ ಹರಿದಿದೆ. ರಿಲೇ ವಾಲ್ವಿನ ಬಾಯಲ್ಲಿ ಸದಾ ಗಾಳಿ ಹೋಗುತ್ತಿದ್ದರೆ ತಕ್ಷಣ ವಾಲ್ವ್ ಬದಲಿಸಬೇಡಿ, ಪಾರ್ಕಿಂಗ್ ಬ್ರೇಕ್ ಹಾಕಿ ನೋಡಿ. ಶಬ್ದ ನಿಂತರೆ ತಪ್ಪು ರಿಲೇಯದಲ್ಲ, ಸ್ಪ್ರಿಂಗ್ ಚೇಂಬರಿನ ಒಳಗಿನ ಸೀಲಿನದು. ಅಲ್ಲಿಂದ ಗಾಳಿ ಕಾಲಿನ ಬ್ರೇಕಿನ ಪೈಪಿಗೆ ನುಸುಳಿ ರಿಲೇ ಬಾಯಿಂದ ಹೊರಬರುತ್ತಿರುತ್ತದೆ. ಇದು ತಿಳಿಯದೆ ಒಳ್ಳೆಯ ರಿಲೇ ಬಿಚ್ಚಿಸಿದವರು ಬೇಕಾದಷ್ಟಿದ್ದಾರೆ.

ಇಳಿಯುವ ವಿಷಯಕ್ಕೆ ಬಂದರೆ, ಘಾಟಿಯ ಮೇಲಿನ ಮಾಸ್ತಿಕಟ್ಟೆಯಲ್ಲೇ ನಿಲ್ಲಿಸಿ ಗಾಳಿ ಪೂರ್ತಿ ತುಂಬಿಸಿಕೊಳ್ಳಿ, ಗೇರ್ ಅಲ್ಲೇ ಇಳಿಸಿ. ಇಳಿಜಾರು ಶುರುವಾದ ಮೇಲೆ ಗೇರ್ ಇಳಿಸಲು ಹೋಗಿ ನ್ಯೂಟ್ರಲಿನಲ್ಲಿ ಸಿಕ್ಕಿಕೊಂಡರೆ ಮತ್ತೆ ಗೇರ್ ಬೀಳುವುದು ಕಷ್ಟ. ಎಕ್ಸಾಸ್ಟ್ ಬ್ರೇಕ್ ಹಾಕಿದಾಗ, ಪೆಡಲ್ ಮುಟ್ಟದೆಯೇ ಗಾಡಿಯನ್ನು ಹೆಚ್ಚುಕಡಿಮೆ ತಡೆದಿಡುವ ಗೇರ್ ಸರಿಯಾದ ಗೇರ್. ಡೀಸೆಲ್ ಉಳಿಸಲು ನ್ಯೂಟ್ರಲ್ ಹೊಡೆಯುವವರ ಬಗ್ಗೆ ನಾನು ಏನೂ ಬರೆಯುವುದಿಲ್ಲ, ಬೈಗುಳ ಆಗುತ್ತದೆ. 25ಕ್ಕೆ ಇಳಿಯಬೇಕು ಅಂದುಕೊಂಡಿದ್ದರೆ, ವೇಗ 25 ಮುಟ್ಟಿದಾಗ ಗಟ್ಟಿಯಾಗಿ ತುಳಿದು 17ರ ಹತ್ತಿರ ತಂದು ಪೂರ್ತಿ ಬಿಡಿ. ಮತ್ತೆ 25 ಆದಾಗ ಹಾಗೆಯೇ. ಉದ್ದಕ್ಕೂ ಕಾಲಿಟ್ಟುಕೊಂಡೇ ಇಳಿದರೆ, ಸರಿಯಾಗಿ ಹೊಂದಿಕೊಂಡ ಒಂದೆರಡು ಚಕ್ರವೇ ಎಲ್ಲ ಹೊರೆ ಹೊತ್ತು ಸುಟ್ಟುಹೋಗುತ್ತದೆ. ಪೆಡಲನ್ನು ಪಟಪಟ ಕುಟ್ಟಿದರೂ ತಪ್ಪೇ, ಪ್ರತಿ ಸಲ ಬಿಟ್ಟಾಗಲೂ ಚೇಂಬರಿನ ಗಾಳಿ ಹೊರಗೆ ಹೋಗುತ್ತದೆ, ಕಂಪ್ರೆಸರ್ ಅಷ್ಟು ಬೇಗ ತುಂಬಲಾರದು.

ಘಾಟಿಯ ಬುಡದ ಹೊಸಂಗಡಿ ತಲುಪಿ ನಿಲ್ಲಿಸಿದ ಮೇಲೆ ಕಾದ ಡ್ರಮ್ಮಿಗೆ ನೀರು ಹೊಯ್ಯಬೇಡಿ, ಬಿರುಕು ಬಿಡುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟು ಸುತ್ತ ಒಂದು ಸಲ ನಡೆಯಿರಿ, ಪ್ರತಿ ಚಕ್ರದ ಹತ್ತಿರ ಮುಟ್ಟದ ಹಾಗೆ ಅಂಗೈ ಹಿಂಬದಿ ಹಿಡಿದು ಬಿಸಿ ನೋಡಿ. ಎಲ್ಲರೂ ಹೆದರುವುದು ಹೊಗೆಯಾಡುವ ಚಕ್ರಕ್ಕೆ. ನೀವು ಹುಡುಕಬೇಕಾದದ್ದು ತಣ್ಣಗಿರುವ ಚಕ್ರವನ್ನು. ಇಡೀ ಘಾಟಿ ಇಳಿದೂ ಬಿಸಿಯಾಗಿಲ್ಲ ಅಂದರೆ ಅದು ಕೆಲಸವನ್ನೇ ಮಾಡಿಲ್ಲ. ಪುಷ್‌ರಾಡ್ ಅಳತೆಯನ್ನು ಅದರಿಂದಲೇ ಶುರುಮಾಡಿ. ಅಳತೆ ಸರಿ ಇದ್ದರೆ ಡ್ರಮ್ ಬಿಚ್ಚಿಸಿ ನೋಡಿ, ಹಬ್ ಸೀಲ್ ಹೋಗಿ ಲೈನರ್ ಮೇಲೆ ಗ್ರೀಸ್ ಇಳಿದಿರಬಹುದು.