ತೆಂಗು ಬೆಳೆಯುವವರಿಗೆ ಸಂಶೋಧನೆ ಯಾಕೆ?

ತಿಪಟೂರು ಕಡೆಯ ತೆಂಗು ಬೆಳೆಗಾರರೊಬ್ಬರು ಪತ್ರ ಬರೆದಿದ್ದಾರೆ. ಕಪ್ಪುತಲೆ ಹುಳುವಿನ ಕಾಟಕ್ಕೆ ತೋಟದಲ್ಲಿ ಬಿಡುವ ಗೋನಿಯೋಜಸ್ ಎಂಬ ಪುಟ್ಟ ಪರೋಪಜೀವಿ ಕಣಜದ ಬಗ್ಗೆ ಒಂದು ಸಂಶೋಧನಾ ಲೇಖನ ಓದಲು ಹೊರಟರಂತೆ. ನೆಟ್‌ನಲ್ಲಿ ಸಾರಾಂಶ ಮಾತ್ರ ಸಿಕ್ಕಿತು, ಉಳಿದದ್ದಕ್ಕೆ ಡಾಲರ್ ಲೆಕ್ಕದಲ್ಲಿ ದುಡ್ಡು ಕೇಳಿತು. ಕಾಲೇಜೊಂದರ ಗ್ರಂಥಾಲಯಕ್ಕೆ ಹೋದರೆ ಹೊರಗಿನವರನ್ನು ಬಿಡುವುದಿಲ್ಲ ಎಂದರು. "ಅವರು ಹೇಳುವುದೂ ಸರಿಯೇನೋ. ಅದೆಲ್ಲ ಓದಿದವರಿಗೆ, ನಮ್ಮಂಥವರಿಗೆ ಯಾಕೆ?" ಎಂದು ಪತ್ರ ಮುಗಿಸಿದ್ದಾರೆ.

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಖುಷಿಯಾಯಿತು. ಕೊನೆಯ ಸಾಲು ಓದಿ ಮಾತ್ರ ಬೇಜಾರಾಯಿತು. ನಿಮಗೆ ಯಾಕೆ ಅಂದರೇನು? ಹುಳು ತಿನ್ನುತ್ತಿರುವುದು ನಿಮ್ಮ ಮರದ ಗರಿಯನ್ನು. ಆ ಪುಟ್ಟ ಕಣಜವು ಕಪ್ಪುತಲೆ ಹುಳುವನ್ನು ಚುಚ್ಚಿ, ಅದರ ಮೈಮೇಲೇ ಮೊಟ್ಟೆ ಇಡುತ್ತದೆ. ಹುಳು ಯಾವ ಹಂತಕ್ಕೆ ಬಂದಾಗ ಬಿಡಬೇಕು, ಮರಕ್ಕೆ ಎಷ್ಟು ಬಿಡಬೇಕು ಎಂಬುದು ನಿಮಗಿಂತ ಜಾಸ್ತಿ ಯಾರಿಗೆ ಬೇಕು ಹೇಳಿ?

ಪ್ರಕಾಶಕರಿಗೂ ಖರ್ಚಿದೆ, ಒಪ್ಪೋಣ. ತಿದ್ದಬೇಕು, ಪುಟ ಕಟ್ಟಬೇಕು, ಹಳೆಯ ಸಂಚಿಕೆ ಕಾಪಾಡಬೇಕು. ಆದರೆ ಸಂಶೋಧನೆ ಮಾಡಿದವರಿಗೆ ಸಂಬಳ ಕೊಟ್ಟದ್ದು ಬಹುಪಾಲು ಸರ್ಕಾರ, ಅಂದರೆ ನೀವು. ಲೇಖನ ಪರಿಶೀಲಿಸುವ ವಿದ್ವಾಂಸರಿಗೂ ಸಾಮಾನ್ಯವಾಗಿ ಪ್ರಕಾಶಕರು ಬಿಡಿಗಾಸು ಕೊಡುವುದಿಲ್ಲ. ಹೀಗಿರುವಾಗ ಓದುವವರ ಹತ್ತಿರ ಮತ್ತೆ ವಸೂಲಿ ಯಾಕೆ?

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರು, ಹೆಚ್ಚುಕಡಿಮೆ 13,000 ಸಂಶೋಧನಾ ಪತ್ರಿಕೆಗಳು, ಎಲ್ಲಕ್ಕೂ ಕೇಂದ್ರವೇ ಒಟ್ಟಿಗೆ ಚಂದಾ ಕಟ್ಟುವ ಯೋಜನೆ ಇದು. ಸಣ್ಣ ಊರಿನ ಸರ್ಕಾರಿ ಕಾಲೇಜಿನ ಮಕ್ಕಳಿಗೂ ಇವು ಸಿಗುತ್ತವೆ, ಅದು ಒಳ್ಳೆಯದೇ. ಆದರೆ ಹೆಸರಿನಲ್ಲಿ ದೇಶವಿದೆ, ಬಾಗಿಲು ಮಾತ್ರ ಸರ್ಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ. ರೈತರು, ನಿವೃತ್ತ ಮೇಷ್ಟ್ರು, ಊರಿನ ಶಾಸನ ಓದುವ ಹವ್ಯಾಸಿಗಳು ದೇಶದ ಲೆಕ್ಕಕ್ಕಿಲ್ಲವೇ?

ಹೊರಗಿನವರನ್ನು ಬಿಡುವುದಿಲ್ಲ ಅಂತಾರಲ್ಲ, ಮೈಸೂರಿನ ಕಥೆ ಕೇಳಿ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಂದು ಓಲೆಗರಿ ಕಟ್ಟು ಒಪ್ಪಿಸಿದರು. ಗ್ರಂಥಪಾಲಕರಾಗಿದ್ದ ಶಾಮಶಾಸ್ತ್ರಿಗಳು ಅದನ್ನು ಓದಿ, ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಕೌಟಿಲ್ಯನ ಅರ್ಥಶಾಸ್ತ್ರ ಜಗತ್ತಿಗೆ ಸಿಕ್ಕಿದ್ದು ಹೀಗೆ. ಆ ಪಂಡಿತರನ್ನು ಬಾಗಿಲಲ್ಲೇ ತಡೆದಿದ್ದರೆ?

ಈಗ ನಿಮ್ಮ ಕೆಲಸಕ್ಕೆ ಬರೋಣ. ಲೇಖನ ಬರೆದವರ ಇಮೇಲ್ ಸಾಮಾನ್ಯವಾಗಿ ಸಾರಾಂಶದ ಪುಟದಲ್ಲೇ ಇರುತ್ತದೆ. ಎರಡು ಸಾಲು ಬರೆದು ಕೇಳಿ, ಎಷ್ಟೋ ವಿಜ್ಞಾನಿಗಳು ಸಂತೋಷದಿಂದ ಪ್ರತಿ ಕಳಿಸುತ್ತಾರೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು (ಐಸಿಎಆರ್) 2013ರಲ್ಲೇ ಮುಕ್ತ ಪ್ರವೇಶ ನೀತಿ ತಂದಿದೆ, ಅಂದರೆ ತನ್ನ ಸಂಶೋಧನೆಯನ್ನು ಯಾರು ಬೇಕಾದರೂ ಪುಕ್ಕಟೆ ಓದಲಿ ಎಂಬ ನೀತಿ. ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು 'ಶೋಧಗಂಗಾ' ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಕನ್ನಡದಲ್ಲಿ ಬರೆದವೂ ಇವೆ, ಆದರೆ ಇದನ್ನು ಜನರಿಗೆ ಯಾರೂ ಹೇಳುವುದೇ ಇಲ್ಲ!

ಇನ್ನೊಂದು ಮಾತು. ನಿಮ್ಮ ಆಸ್ತಿ ತೆರಿಗೆಯ ರಶೀದಿ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಇರುತ್ತದೆ, ಅಲ್ವಾ? ನಮ್ಮ ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು. ನಾವು ಕಟ್ಟುವುದನ್ನು ಕಟ್ಟುತ್ತಲೇ ಇದ್ದೇವೆ. ಜಿಲ್ಲಾ ಗ್ರಂಥಾಲಯದ ಒಂದೇ ಒಂದು ಕಂಪ್ಯೂಟರಿನಲ್ಲಾದರೂ ಆ 13,000 ಪತ್ರಿಕೆಗಳನ್ನು ಸಾರ್ವಜನಿಕರಿಗೆ ತೆರೆದಿಡಬಾರದೇ? ಸುಮ್ನೆ ಮನೆಯಲ್ಲಿ ಕೂತು ಕೊರಗಬೇಡಿ. ಗ್ರಂಥಾಲಯಕ್ಕೆ ಹೋಗಿ, ಅರ್ಜಿ ಬರೆದು ಕೇಳಿ. ಆಗುವುದಿಲ್ಲ ಎಂದರೆ ಆ ಉತ್ತರವನ್ನೇ ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.